ಮಗಳ ಫೋನಿನಲ್ಲಿ ಬಂದ ಮೂರು ಗಂಡುಗಳು

ಮೊದಲು ಗಂಡು ಬಾಗಿಲಿಗೆ ಬರುತ್ತಿತ್ತು, ಈಗ ಫೋನಿಗೆ ಬರುತ್ತದೆ; ಬಂದಾಗಲೆಲ್ಲ ನನ್ನ ಸಿಟ್ಟು ನೆತ್ತಿಗೇರುವಂಥದ್ದು ಒಂದಲ್ಲ ಒಂದು ನಡೆದೇ ನಡೆಯುತ್ತದೆ. ನಾನು ಮಂಡ್ಯದಲ್ಲಿ ಬಿ.ಎ. ಓದಿದವಳು. ಮದ್ದೂರಿನ ನಮ್ಮ ಮನೆಗೆ ಯಾವ ಸಂಬಂಧ ಬಂದರೂ ಊರು, ಕುಲ, ಆಡಿದ ಮಾತು ಎಲ್ಲವನ್ನೂ ತಾರೀಖು ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗಳು ಕರಾರು ಹಾಕಿದಳು: "ಆ್ಯಪಿನಲ್ಲಿ ನಾನೇ ಆರಿಸ್ತೀನಿ. ಮೂರು ಜನರನ್ನ ನೋಡ್ತೀನಿ. ಒಬ್ಬನೂ ಸರಿಹೋಗ್ಲಿಲ್ಲ ಅಂದ್ರೆ ಮದುವೆ ಅನ್ನೋ ಮಾತು ಇನ್ನು ನಿನ್ನ ಬಾಯಲ್ಲಿ ಬರಕೂಡದು."

ಒಪ್ಪಿಕೊಂಡೆ. ಆದರೆ ಜೊತೆಗೆ ನಾನೂ ಬರುತ್ತೇನೆ ಎಂದೆ.

ಫೋಟೋದ ಗಂಡು

ಫೋಟೋದಲ್ಲಿ ಬಿಳಿ ಕಾರಿಗೆ ಒರಗಿ, ಬಂಡೂರು ಟಗರನ್ನು ತಬ್ಬಿಕೊಂಡು ರಾಜನಂತೆ ನಿಂತಿದ್ದ. ಹೋಟೆಲಿನಲ್ಲಿ ಎದುರು ಕೂತಾಗ ಕೇಳಿದೆ, "ಕಾರು ನಿಮ್ಮದಾ?"

"ನಮ್ ಬಾವುಂದು."

"ಟಗರು?"

"ಪಕ್ಕದ್ಮನೆಯವ್ರದು."

"ಆ ಕರಿ ಕನ್ನಡಕ?"

"ಫೋಟೋ ತೆಗೆದವ್ನು ಕೊಟ್ಟಿದ್ದ."

"ಹಂಗಾದ್ರೆ ಅದ್ರಲ್ಲಿ ನಿಂದು ಅಂತ ಏನಪ್ಪಾ ಇರೋದು?"

ಯೋಚಿಸಿ ಹೇಳಿದ: "ನಗು ನಂದೇ ಕಣಮ್ಮ."

ಸುಮ್ನೆ ಪರಿಚಯ

ಎರಡನೆಯವನು ಮಂಡ್ಯದವನು. ಕೂತವನೇ, "ನಂದೆಲ್ಲ ಕ್ಯಾಶುಯಲ್, ಆಂಟಿ" ಅಂದ.

"ಹಂಗಂದ್ರೆ?"

"ಮದ್ವೆ ಗಿದ್ವೆ ಅಂತಿಲ್ದೆ ಆರು ತಿಂಗ್ಳು ಸುಮ್ನೆ ಜೊತೇಲಿ ಓಡಾಡೋದು. ಇಷ್ಟ ಆದ್ರೆ ಸರಿ, ಇಲ್ದಿದ್ರೆ ಬುಡೋದು."

ಮೈಯೆಲ್ಲ ಉರಿದುಹೋಯಿತು. ಮಗಳು ಮೇಜಿನ ಕೆಳಗೆ ನನ್ನ ಕೈ ಅದುಮಿ ಹಿಡಿದಳು.

"ಈ ವಿಚಾರ ನಿಮ್ಮವ್ವನಿಗೆ ಗೊತ್ತಾ?"

"ಅಯ್ಯೋ, ಅವ್ವಂಗೆ ಗೊತ್ತಾದ್ರೆ ಕಾಲ್ ಮುರೀತಾಳೆ!"

"ಯಾವ ಕಾಲು ಹೇಳಪ್ಪಾ," ಎಂದು ಎದ್ದು ನಿಂತೆ. "ಪಾಪ, ಅವ್ರಿಗ್ಯಾಕೆ ಶ್ರಮ?"

ಕಡೆಯವನು

ಮಳವಳ್ಳಿ ಕಡೆಯ ಹುಡುಗ, ಮೇಷ್ಟ್ರು. ಎರಡು ತಿಂಗಳು ದಿನಾ ಮಾತಾಡಿದ ಮೇಲೆ ಮಗಳೇ ಮನೆಗೆ ಕರೆದಳು. ಹಬ್ಬದ ದಿನವೂ ಒಲೆ ಮುಂದೆ ನಿಲ್ಲದವಳು ತಾನೇ ಕಾಫಿ ಮಾಡಿದಳು! ಇವನೇ ಅಳಿಯ ಎಂದು ನನಗೂ ಅನ್ನಿಸಿತು. ಕೊನೆಗೆ ಒಂದೇ ಮಾತು ಕೇಳಿದೆ: "ನಿಮ್ಮವ್ವನ ಅವ್ವ ಯಾವೂರಿನವರಪ್ಪಾ? ಅವರ ತೌರು?"

ಅವನು ಹೇಳಿದ್ದು ನನ್ನ ತಾಯಿ ಹುಟ್ಟಿದ ಊರು, ಹುಟ್ಟಿದ ಮನೆ. ಅವನ ಅಜ್ಜಿ ನನ್ನ ತಾಯಿಯ ಒಡಹುಟ್ಟಿದ ತಂಗಿ! ಯಾವ ಕಾಲದ ಜಗಳವೋ, ನಾನು ಹುಟ್ಟುವ ಮೊದಲೇ ಹೋಗಿಬರುವುದು ನಿಂತುಹೋಗಿತ್ತು. ವಾವೆಯಲ್ಲಿ ಅವನ ತಾಯಿ ನನಗೆ ತಂಗಿ; ಅವನು ನನ್ನ ಮಗಳಿಗೆ ಅಣ್ಣ. ನಾಯಿ ಇಷ್ಟವೋ ಬೆಕ್ಕು ಇಷ್ಟವೋ ಎಂದು ಕೇಳುವ ಆ್ಯಪಿನವರಿಗೆ ಅಜ್ಜಿಯ ತೌರು ಕೇಳಲು ಏನು ರೋಗ?

ಬಿಡಿಸಿ ಹೇಳಿದೆ. ಮಗಳು ಕುರ್ಚಿಯಲ್ಲಿ ಕುಸಿದಳು. ಹುಡುಗನ ಮುಖ ಸಪ್ಪಗಾಯಿತು. ಮರುಕ್ಷಣವೇ ಬೆನ್ನು ನೆಟ್ಟಗೆ ಮಾಡಿ ಕೂತ.

"ಏನ್ ದೊಡ್ಡಮ್ಮ, ಬೆಳೆದ ಹೆಣ್ಮಗಳ ಕೈಗೆ ಫೋನ್ ಕೊಟ್ಟು ಸುಮ್ನಿದ್ದೀರಲ್ಲ!" ಎಂದು ನನ್ನನ್ನೇ ಗದರಿದ. ಆಮೇಲೆ ಮಗಳ ಕಡೆ ಕೈ ಚಾಚಿದ: "ಕೊಡಮ್ಮಿ ಇಲ್ಲಿ. ದಿನಾ ಯಾವನ್ ಜೊತೆ ಮಾತಾಡ್ತಿದ್ದೀಯ, ನೋಡ್ಬುಡ್ತೀನಿ!"

ಮಗಳು ಕಿರುಚಿದಳು: "ಎರಡು ತಿಂಗಳಿಂದ ನಿನ್ ಜೊತೆನೇ ಕಣ್ಲಾ!"