ದೊಡ್ಡವ್ವನ ವಿಸಿಟರ್ ವೀಸಾ

ಇಂಗ್ಲೆಂಡಿನ ಕಾನೂನನ್ನು ಇಂಗ್ಲೆಂಡಿನವರಿಗಿಂತ ನಿಷ್ಠೆಯಿಂದ ಪಾಲಿಸಿದವರು ಯಾರಾದರೂ ಇದ್ದರೆ ಅದು ಮುನವಳ್ಳಿಯ ನಮ್ಮ ದೊಡ್ಡವ್ವ. ನಗಬೇಡಿ, ಸಾಕ್ಷಿಗೆ ನಾನೇ ಇದ್ದೇನೆ.

ಅವ್ವನ ಈ ಅಕ್ಕನಿಗೆ ಕೈ ಸುಮ್ಮನಿಡುವುದು ಗೊತ್ತೇ ಇರಲಿಲ್ಲ. ಬೇಸಿಗೆ ರಜೆಗೆ ಹೋದರೆ, ನಮ್ಮ ಅಂಗಿ ಮೈಮೇಲಿರುವಾಗಲೇ ಕಿತ್ತುಹೋದ ಗುಂಡಿ ಹಚ್ಚುತ್ತಿದ್ದಳು. ಸವದತ್ತಿ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತ ಹೆಂಗಸಿನ ಮೆಂತ್ಯಪಲ್ಲೆ ಸೋಸಿಕೊಟ್ಟು ಇಳಿದಿದ್ದಳು. ಒಮ್ಮೆ ಧಾರವಾಡದ ಆಸ್ಪತ್ರೆಯಲ್ಲಿ ಒಂದು ಕೈಗೆ ಸಲೈನ್ ಹಚ್ಚಿ ಮಲಗಿಸಿದರೆ, ಇನ್ನೊಂದು ಕೈಯಿಂದ ಪಕ್ಕದ ಮಂಚದ ಚಾದರ ಮಡಚುತ್ತಿದ್ದಳು. ಇಂಥವಳಿಗೆ ಏನು ಹೇಳುವುದು?

ಅವಳ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು, ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಮೊಮ್ಮಗಳು ಹುಟ್ಟಿ ವರ್ಷವಾದರೂ ದೊಡ್ಡವ್ವ ನೋಡಿದ್ದು ಫೋನಿನಲ್ಲಷ್ಟೇ. ಕೊನೆಗೆ ವೀಸಾ ಅರ್ಜಿ ತುಂಬಿಸಲು ನಾನೇ ಅವಳನ್ನು ಬೆಳಗಾವಿಯ ಏಜೆಂಟರ ಹತ್ತಿರ ಕರೆದೊಯ್ದೆ.

"ಅಲ್ಲಿ ಹೋಗಿ ಏನ್ ಮಾಡ್ತೀರಿ ಅವ್ವಾರ?" ಎಂದು ಅವರು ಕೇಳಿದರು.

"ರೊಟ್ಟಿ ಬಡೀತೇನಿ, ಕೂಸಿಗೆ ನೀರ ಎರೀತೇನಿ, ನೆಲಾ ಸಾರಸ್ತೇನಿ."

ಟೈಪ್ ಮಾಡುತ್ತಿದ್ದ ಬೆರಳು ನಿಂತಿತು. "ಹಂಗ ಅನಬ್ಯಾಡ್ರಿ. ಇದು ವಿಸಿಟರ್ ವೀಸಾ ಐತಿ. ಕೆಲಸ ಮಾಡೂಹಂಗಿಲ್ಲ. ಮಗಳನ್ನ ನೋಡಾಕ ಹೊಂಟೇನಿ, ವಾಪಸ್ ಬರತೇನಿ ಅನ್ರಿ, ಅಷ್ಟ ಸಾಕು."

ಅಲ್ಲಿ ನೌಕರಿ ಮಾಡಬಾರದು ಎಂಬುದಷ್ಟೇ ಅದರ ಅರ್ಥ, ಮಗಳ ಮನೆಯಲ್ಲಿ ರೊಟ್ಟಿ ಬಡಿದರೆ ಯಾರೂ ಹಿಡಿಯುವುದಿಲ್ಲ ಎಂದು ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದೆ.

"ನೀ ಸುಮ್ಮನಿರು. ನನ್ನಿಂದ ಆಕಿ ನೌಕರಿಗೆ ಧಕ್ಕಿ ಬರಬಾರ್ದು," ಎಂದಳು.

ಮರುದಿನದಿಂದಲೇ ಸುಮ್ಮನೆ ಕೂರುವ ಅಭ್ಯಾಸ ಶುರುವಾಯಿತು. ಎದುರುಮನೆಯಾಕೆ ಮೊರದಲ್ಲಿ ಶೇಂಗಾ ಹಿಡಿದು ಸುಲಿಯಲು ಕಟ್ಟೆಗೆ ಬಂದರೆ, ದೊಡ್ಡವ್ವ ತನ್ನ ಎರಡೂ ಕೈಗಳ ಮೇಲೆ ತಾನೇ ಕೂತುಬಿಡುತ್ತಿದ್ದಳು.

"ಏನಾಗೇತಿ ಈಕಿಗೆ?" ಎಂದು ಆಕೆ ನನ್ನನ್ನು ಕೇಳಿದಳು.

"ಇಂಗ್ಲೆಂಡಿಗೆ ಹೊಂಟಾಳ್ರಿ," ಎಂದೆ.

ಬೆರಳಚ್ಚು ಕೊಡುವ ದಿನ ವೀಸಾ ಕೇಂದ್ರದ ಯಂತ್ರ ಅವಳ ಬೆರಳನ್ನು ಒಪ್ಪಲಿಲ್ಲ. ಒರೆಸಿ ಇಟ್ಟರೂ ಇಲ್ಲ, ಒತ್ತಿ ಹಿಡಿದರೂ ಇಲ್ಲ. ಗೆರೆಗಳೇ ಸವೆದಿವೆ ಎಂದಳು ಅಲ್ಲಿದ್ದ ಹುಡುಗಿ. ದೊಡ್ಡವ್ವ ನನ್ನ ಕಿವಿಯ ಹತ್ತಿರ ಬಂದು, "ಕೆಲಸದಾಕಿ ಅಂತ ಮಿಷನ್ನಿಗೆ ಗೊತ್ತಾತೇನೋ ತಮ್ಮಾ?" ಎಂದಳು. ಐದನೆಯ ಸಲಕ್ಕೆ ಅದು ಹೇಗೋ ಒಪ್ಪಿತು. ವೀಸಾ ಬಂತು, ದೊಡ್ಡವ್ವ ವಿಮಾನ ಹತ್ತಿದಳು.

ಹೋದ ನಾಲ್ಕನೆಯ ದಿನ ಅಕ್ಕನ ಫೋನು. "ಅವ್ವಗ ಆರಾಮ ಇಲ್ಲೋ. ಬಂದಾಗಿಂದ ಸೋಫಾ ಬಿಟ್ಟು ಎದ್ದಿಲ್ಲ. ಬಿಪಿ ನೋಡಿದೆ, ಶುಗರ್ ನೋಡಿದೆ, ಎಲ್ಲಾ ಬರೋಬ್ಬರಿ ಐತಿ."

ನಾನು ನಡೆದದ್ದನ್ನೆಲ್ಲ ಹೇಳಿದೆ. ಅಕ್ಕ ಬಹಳ ಹೊತ್ತು ನಕ್ಕಳು. ಆಮೇಲೆ, "ಅವ್ವನ ಹತ್ರ ಹೋಗತೇನಿ," ಎಂದು ಫೋನಿಟ್ಟಳು.

ಮೂರು ತಿಂಗಳ ನಂತರ ಮರಳಿದ ದೊಡ್ಡವ್ವನನ್ನು ನೋಡಲು ಹೋದೆ. ಏನೇನು ನೋಡಿದಿ ಎಂದು ಕೇಳಿದರೆ ಒಂದು ಊರಿನ ಹೆಸರೂ ಅವಳಿಗೆ ನೆನಪಿಲ್ಲ.

"ನಿಮ್ಮಕ್ಕ ರೊಟ್ಟಿ ಬಡಿಯಾಕ ಬಿಟ್ಲು, ಏನೂ ಆಗಂಗಿಲ್ಲ ಅಂದ್ಲು. ಆದ್ರ ತನಗ ಸೂಟಿ ಇದ್ದ ದಿನ ನನಗ ಏನೂ ಮುಟ್ಟಗೊಡತಿರಲಿಲ್ಲ. ಕುರ್ಚಿ ಮ್ಯಾಲೆ ಕುಂಡ್ರಿಸಿ, ತಲಿಗೆ ಎಣ್ಣಿ ಹಚ್ಚಿ, ಬಿಸಿನೀರಿಲೆ ತೊಳದು, ಬಾಚಿ ಹೆಳಲ ಹಾಕತಿದ್ಲು. ಆಸ್ಪತ್ರ್ಯಾಗ ಮಂದಿ ಅವ್ವಂದಿರಿಗೆ ದಿನಾ ಮಾಡತೇನಿ, ನಿನಗ ಯಾವಾಗ ಮಾಡ್ಲಿ ಅಂದ್ಲು."

ತಲೆಯ ಮೇಲೆ ಕೈಯಾಡಿಸಿಕೊಂಡಳು.

"ನಮ್ಮವ್ವ ಹೋದಾಗ ನನಗ ಎಂಟು ವರ್ಷ. ನಿಮ್ಮವ್ವನ ತಲಿ ನಾನ ಬಾಚತಿದ್ದೆ. ಲಗ್ನದ ದಿನ ಒಂದು ಬಿಟ್ರ, ನನ್ನ ತಲಿ ಯಾರೂ ಬಾಚಿರಲಿಲ್ಲ ತಮ್ಮಾ."