ಕಾಕಾನ ರೇಷ್ಮೆ ಪರೀಕ್ಷೆ

ನಮ್ಮ ಕಾಕಾನನ್ನು ಊಟಕ್ಕೆ ಕರೆಯುವವರು ಅಡುಗೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಉಪ್ಪು ಹೆಚ್ಚಾದರೂ ಉಣ್ಣುತ್ತಾನೆ, ಕಡಿಮೆಯಾದರೂ ಉಣ್ಣುತ್ತಾನೆ. ಕುರ್ಚಿಯ ಬಗ್ಗೆ ಮಾತ್ರ ಎಚ್ಚರವಿರಬೇಕು. ಬಂದವನೇ ಕಿಸೆಯಿಂದ ರೇಷ್ಮೆ ಬಟ್ಟೆಯ ಚೂರೊಂದನ್ನು ತೆಗೆದು ಕುರ್ಚಿಯ ಅಂಚಿನ ಮೇಲೆ ಮೆಲ್ಲಗೆ ಎಳೆಯುತ್ತಾನೆ. ಎಲ್ಲಾದರೂ ಒಂದು ಎಳೆ ಸಿಕ್ಕಿಕೊಂಡಿತೋ, ಕೆಟ್ಟಿರಿ. ನೀವು ಬಡಿಸಿದ ಹೋಳಿಗೆ ಆರಿಹೋಗುತ್ತದೆ, ಅವನ ಉಪದೇಶ ಮುಗಿಯುವುದಿಲ್ಲ.

ಹೋದ ವರ್ಷ ನನ್ನ ತಮ್ಮನಿಗೆ ಹೆಣ್ಣು ನೋಡಲು ಮುಂಡರಗಿಗೆ ಹೋಗಿದ್ದೆವು. ಹುಡುಗಿ ಚಹಾ ತಂದಾಗ ಕಾಕಾ ಕುರ್ಚಿಯ ಕೆಳಗೆ ಬಗ್ಗಿದ್ದ. ಏನೋ ಕಳೆದಿರಬೇಕೆಂದು ಪಾಪ, ಹುಡುಗಿಯ ತಂದೆಯೂ ಬಗ್ಗಿ ಹುಡುಕತೊಡಗಿದರು. ಬರುವ ದಾರಿಯಲ್ಲಿ ನಾನು, "ಹುಡುಗಿ ಹೆಂಗ ಅನ್ನಿಸಿದ್ಲು ಕಾಕಾ?" ಎಂದೆ.

"ಮಂದಿ ಛಲೋ ಅದಾರ. ಕುರ್ಚಿ ಉಜ್ಜೂದು ಮಾತ್ರ ಎಂಬತ್ತಕ್ಕ ನಿಲ್ಲಿಸಿಬಿಟ್ಟಾರ. ನೂರಿಪ್ಪತ್ತು ಹಚ್ಚಬೇಕಿತ್ತು," ಎಂದ.

ಆ ಸಂಬಂಧ ಕೂಡಿತು. ಈಗ ಆ ಹುಡುಗಿ, ಕಾಕಾ ಬರುತ್ತಾನೆಂದರೆ ಕುರ್ಚಿಗಳನ್ನೆಲ್ಲ ಒಳಗಿಟ್ಟು ಚಾಪೆ ಹಾಸುತ್ತಾಳೆ.

ಅವನು ಹುಟ್ಟಿನಿಂದಲೇ ಹೀಗಿದ್ದನೇ? ಇಲ್ಲ. ಜೀವಮಾನವೆಲ್ಲ ಗದಗ-ಬೆಟಗೇರಿ ನಡುವೆ ಆಟೋ ಓಡಿಸಿದವನಿಗೆ ಕಟ್ಟಿಗೆಯೆಂದರೆ ಒಲೆಗೆ ಹಾಕುವುದು ಎಂದಷ್ಟೇ ಗೊತ್ತಿತ್ತು. ಕಟ್ಟಿಗೆಯ ನಂಟಿದ್ದದ್ದು ಅವನ ಹೆಂಡತಿ, ನಮ್ಮ ಚಿಗವ್ವನಿಗೆ. ಬೆಟಗೇರಿಯ ಅವರ ಮನೆಯಲ್ಲಿ ಅವಳ ತವರಿನಿಂದ ಬಂದ ಮಗ್ಗವಿದೆ. ನೆಲದೊಳಗಿನ ಕುಣಿಗೆ ಕಾಲು ಇಳಿಬಿಟ್ಟು, ಅಲ್ಲಿರುವ ಹಲಗೆ ತುಳಿಯುತ್ತ ಸೀರೆ ನೇಯುತ್ತಿದ್ದಳು. ಶುಗರ್ ಬಂದು ಅವಳ ಅಂಗಾಲುಗಳ ಸ್ಪರ್ಶವೇ ಹೋಯಿತು. ಹಲಗೆಯ ಸಿಬಿರೊಂದು ಹೊಕ್ಕದ್ದು ತಿಳಿಯದೆ ನೇಯುತ್ತಲೇ ಇದ್ದಳು. ಕಾಲು ಬಾತು ಜ್ವರ ಬಂದಾಗಲೇ ಗೊತ್ತಾದದ್ದು. ಪುಣ್ಯಕ್ಕೆ ಕಾಲು ಉಳಿಯಿತು, ಆದರೆ ಡಾಕ್ಟರು ಇನ್ನು ಬರಿಗಾಲಲ್ಲಿ ಮಗ್ಗಕ್ಕೆ ಇಳಿಯಕೂಡದು ಎಂದರು.

ಚಪ್ಪಲಿ ಹಾಕಿಕೋ ಎಂದೆವು. "ಅನ್ನ ಕೊಟ್ಟ ಮಗ್ಗದ ಮ್ಯಾಲೆ ಚಪ್ಪಲಿ ಕಾಲು ಇಡ್ಲೇನ?" ಎಂದಳು. ಕಾಲುಚೀಲ ಹಾಕಿ ನೋಡಿದಳು, ಜಾರಿತು. ಹೊಸ ಹಲಗೆ ಹಾಕಿಸೋಣವೆಂದರೆ, "ಅದು ನಮ್ಮವ್ವ ತುಳಿದ ಹಲಗಿ" ಎಂದು ಮುಖ ತಿರುಗಿಸಿದಳು. ಆಮೇಲೆ ಮಾತೇ ಕಡಿಮೆ ಮಾಡಿದಳು. ಲಕ್ಷ್ಮೇಶ್ವರದ ಗಂಡನ ಮನೆಯಿಂದ ನಾನು ಬಂದಾಗಲೆಲ್ಲ ಗೋಡೆಗೊರಗಿ ಮಗ್ಗದ ಕಡೆಗೇ ನೋಡುತ್ತ ಕೂತಿರುತ್ತಿದ್ದಳು. ನನಗೆ ಸಂಕಟವಾಗುತ್ತಿತ್ತು. ಕಾಕಾನಿಗೂ ತಡೆಯಲಾಗಲಿಲ್ಲ. ಹೋಗಿ ಕಟ್ಟಿಗೆ ಉಜ್ಜುವ ಮಷಿನ್ ತಂದ.

ಮಷಿನ್ ತರುವುದು ದೊಡ್ಡದಲ್ಲ, ಅದಕ್ಕೆ ಹಚ್ಚುವ ಮರಳುಕಾಗದದ ದುಂಡು ಡಿಸ್ಕ್ ಆರಿಸುವುದಿದೆಯಲ್ಲ! ನನಗೆ ಗಂಡನ್ನು ಆರಿಸುವಾಗಲೂ ನಮ್ಮ ಮನೆಯವರು ಇಷ್ಟು ಯೋಚಿಸಿರಲಿಲ್ಲ. ಡಿಸ್ಕಿನ ತೂತುಗಳು ಮಷಿನ್ನಿನ ತೂತುಗಳಿಗೆ ಸರಿಯಾಗಿ ಕೂಡಬೇಕು. ಕೂಡಿದರೆ ಧೂಳು ಮಷಿನ್ನಿನ ಚೀಲಕ್ಕೆ ಹೋಗುತ್ತದೆ. ಕಾಕಾ ಮೊದಲು ತಂದವು ಕೂಡಲಿಲ್ಲ, ಧೂಳು ರೊಟ್ಟಿಯ ಹಿಟ್ಟಿಗೆ ಹೋಯಿತು.

"ಇವತ್ತಿನ ರೊಟ್ಟಿಯೊಳಗ ಅರ್ಧಾ ಹಲಗಿ ಐತಿ. ಸಮಾಧಾನದಿಂದ ಅಗದು ತಿನ್ರಿ," ಎಂದಳು ಚಿಗವ್ವ. ಬಹಳ ದಿನಗಳ ಮೇಲೆ ಅವಳಾಡಿದ ಅಷ್ಟುದ್ದದ ಮಾತು ಅದು. ಕಾಕಾ ಸಮಾಧಾನದಿಂದಲೇ ಅಗಿದು ತಿಂದ.

ಮರುದಿನ ಅಂಗಡಿಗೆ ಹೋದಾಗ ನಾನೂ ಜೊತೆಗಿದ್ದೆ. ಕಾಕಾ ಡಿಸ್ಕುಗಳನ್ನು ಒಂದೊಂದಾಗಿ ಕೆನ್ನೆಗೆ ಒತ್ತಿ ನೋಡುತ್ತಿದ್ದ. ನಂಬರ್ ಸಣ್ಣದಾದಷ್ಟೂ ಡಿಸ್ಕ್ ಒರಟಂತೆ.

"ಯಜಮಾನ್ರ, ಅರವತ್ತರಿಂದ ಒಮ್ಮೆಲೇ ಇನ್ನೂರಾ ನಲವತ್ತಕ್ಕ ಹಾರಬ್ಯಾಡ್ರಿ," ಎಂದರು ಅಂಗಡಿಯವರು. "ಒರಟ ಡಿಸ್ಕಿನ ಗೆರಿ ನಡುವಿನ ನಂಬರ್ ಹಾಕಿದ್ರನ ಹೋಗತಾವು. ಮ್ಯಾಲೆ ಭಾರ ಹಾಕಿ ಒತ್ತಬ್ಯಾಡ್ರಿ, ಮಷಿನ್ ತನ್ನ ಭಾರಕ್ಕ ತಾನ ಉಜ್ಜತೈತಿ. ತುಳಿಯೋ ಹಲಗಿಗೆ ನೂರಿಪ್ಪತ್ತು ಅಂದ್ರ ಬೇಕಾದಷ್ಟಾತು."

ಕಾಕಾ ಎಲ್ಲವನ್ನೂ ಪಾಲಿಸಿದ, ಕೊನೆಯದೊಂದನ್ನು ಬಿಟ್ಟು. ಅರವತ್ತು, ಎಂಬತ್ತು, ನೂರಿಪ್ಪತ್ತು, ಇನ್ನೂರಾ ನಲವತ್ತು ಎಂದು ಏರುತ್ತಲೇ ಹೋಗಿ ನಾನೂರು ಮುಟ್ಟಿಸಿದ. ಪ್ರತಿ ಸಲವೂ ಚಿಗವ್ವ ನೇಯ್ದ ಹಳೆಯ ರೇಷ್ಮೆ ಸೀರೆಯ ಚೂರನ್ನು ಹಲಗೆಯ ಮೇಲೆ ಎಳೆದು, ಎಳೆ ಸಿಗುತ್ತದೇನೋ ನೋಡುತ್ತಿದ್ದ. ಸವೆದ ಡಿಸ್ಕುಗಳನ್ನೂ ಎಸೆಯದೆ ಗೋಡೆಯ ಮೊಳೆಗೆ ನೇತುಹಾಕಿದ್ದ. ಆ ಮೊಳೆ ನೋಡಿ ನಾನೆಷ್ಟು ನಕ್ಕಿದ್ದೆ!

ಹಲಗೆ ಸಿದ್ಧವಾದ ದಿನ ಚಿಗವ್ವ ಕಾಲು ತೊಳೆದು, ಮಗ್ಗಕ್ಕೆ ಕೈಮುಗಿದು ಕುಣಿಗಿಳಿದಳು. ಮೊದಲ ತುಳಿತಕ್ಕೇ ಕಾಲು ಸರ್ರನೆ ಜಾರಿ ಮೊಣಕಾಲು ಚೌಕಟ್ಟಿಗೆ ಬಡಿಯಿತು.

"ಕನ್ನಡಿ ಮಾಡಿಟ್ಟೀರಲ್ರಿ. ಹಿಂಗಾದ್ರ ಕಾಲು ಎಲ್ಲಿ ನಿಂದರಬೇಕು?" ಎಂದಳು. ಮೊಣಕಾಲು ಒತ್ತಿಕೊಳ್ಳುತ್ತ ಮೇಲೆ ಬಂದು ಮತ್ತೆ ಗೋಡೆಗೊರಗಿದಳು. "ಬಿಡ್ರಿ. ಮಗ್ಗ ಯಾರಿಗರ ಕೊಟ್ಟಬಿಡೂಣು."

ಮತ್ತೆ ಒರಟು ಮಾಡಿದರೆ ಸಿಬಿರಿನ ಭಯ, ನುಣುಪಾಗಿಯೇ ಬಿಟ್ಟರೆ ಜಾರುವ ಭಯ. ಕೊನೆಗೆ ಕಾಕಾ ಮಷಿನ್ ಎತ್ತಿಡಲೆಂದು ಅದಕ್ಕಂಟಿದ್ದ ಡಿಸ್ಕನ್ನು ಕಿತ್ತ. ಮಷಿನ್ನಿಗೆ ಹಿಡಿದುಕೊಳ್ಳಲೆಂದು ಡಿಸ್ಕಿನ ಬೆನ್ನಿಗೆ ಮೆತ್ತನೆಯ ಜುಂಗಿನ ಬಟ್ಟೆ ಇರುತ್ತದೆ. ಹೆಬ್ಬೆರಳಿನಿಂದ ಅದನ್ನೇ ಸವರುತ್ತ ಬಹಳ ಹೊತ್ತು ಕೂತ. ಆಮೇಲೆ ಎದ್ದು, ಮೊಳೆಗೆ ನೇತುಹಾಕಿದ್ದ ಹಳೆಯ ಡಿಸ್ಕುಗಳನ್ನೆಲ್ಲ ಇಳಿಸಿದ. ಒರಟು ಮುಖ ಕೆಳಗೆ, ಮೆತ್ತನೆಯ ಬೆನ್ನು ಮೇಲೆ ಮಾಡಿ ಹಲಗೆಯ ತುಂಬ ಅಂಟು ಹಚ್ಚಿ ಕೂಡಿಸಿದ.

ಅಂಟು ಒಣಗಿದ ಮೇಲೆ ಚಿಗವ್ವ ಮತ್ತೆ ಇಳಿದಳು. ಕಾಲು ನಿಂತಿತು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡಿತು, ಮತ್ತೆ ಓಡಿತು. ಪಕ್ಕದ ಮನೆಯವಳು ಬಾಗಿಲಿಗೆ ಬಂದು, "ಏನ ಯಕ್ಕಾ, ಶುರು ಆತೇನ?" ಎಂದು ಕೇಳಿ ಹೋದಳು.

ಒಂದು ಗೇಣು ನೇಯ್ದು ಚಿಗವ್ವ ಮೇಲೆ ಬರುತ್ತಲೇ ಕಾಕಾ ಎದುರು ಕೂತ. "ಕಾಲು ಇತ್ಲಾಗ ತಾ," ಎಂದ.

"ಹುಡುಗಿ ಮುಂದ ಏನ್ರಿ ಇದು," ಎಂದು ಅವಳು ನನ್ನ ಕಡೆ ನೋಡಿ ಸೀರೆ ಎಳೆದುಕೊಂಡಳು.

ಕಾಕಾ ಕೇಳಲಿಲ್ಲ. ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಕಿಸೆಯಿಂದ ರೇಷ್ಮೆ ತೆಗೆದು ಅಂಗಾಲಿನ ಮೇಲೆ ಮೆಲ್ಲಗೆ ಎಳೆದ. ಹಿಮ್ಮಡಿಯ ಹತ್ತಿರ ಒಂದು ಎಳೆ ಸಿಕ್ಕಿತು. ಅವನ ಮುಖ ಕಪ್ಪಿಟ್ಟಿತು. ಚಷ್ಮಾ ಏರಿಸಿ, ಬಗ್ಗಿ, ಬೆರಳಿನಿಂದ ಸವರಿ ನೋಡಿದ.

"ಸಿಬಿರಲ್ಲ. ಹಿಮ್ಮಡಿ ಒಡದೈತಿ," ಎಂದು ಉಸಿರು ಬಿಟ್ಟ. "ಇದಕ್ಕ ಇನ್ನೂರಾ ನಲವತ್ತು ಸಾಕು."

"ಇದಕ್ಕೂ ಮಷಿನ್ ತಂದೀರಿ ಮತ್ತ," ಎಂದು ಚಿಗವ್ವ ನಕ್ಕಳು. ನನಗೂ ನಗು ಬಂತು, ಜೊತೆಗೆ ಕಣ್ಣೂ ತುಂಬಿತು.

ಈಗಲೂ ದಿನಾ ನೇಯ್ಗೆ ಮುಗಿದ ಮೇಲೆ ಈ ಪರೀಕ್ಷೆ ನಡೆಯುತ್ತದೆ. ಅವನ ಕೈ ಅಂಗಾಲಿನ ಮೇಲಿರುವುದು ಅವಳಿಗೆ ತಿಳಿಯುವುದಿಲ್ಲ. ಅದಕ್ಕೇ ಇರಬೇಕು, ಅವನು ಕಾಲು ಬಿಡುವವರೆಗೂ ಅವಳು ಆ ಕೈಯನ್ನೇ ನೋಡುತ್ತ ಕೂತಿರುತ್ತಾಳೆ.