ವಿಲ್ಯಾಮಿಯ ಮೂರಂತಸ್ತು

ಕೆಲಸವನ್ನು ಪೂರ್ತಿ ಮುಗಿಸಿದ್ದೇ ವಿಲ್ಯಾಮಿ ಮಾಡಿದ ತಪ್ಪು. ಅರ್ಧಂಬರ್ಧ ಮಾಡಿ ಬಿಟ್ಟಿದ್ದರೆ ಯಾರೂ ಅದನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಮುಗಿಸಿದ, ಅದೂ ಚೆನ್ನಾಗಿ ಮುಗಿಸಿದ. ಅಲ್ಲಿಂದ ಶುರುವಾಯಿತು ನೋಡಿ.

ಅವತ್ತು ಜೂನ್ ತಿಂಗಳ ಕೊನೆಯ ಶುಕ್ರವಾರ. ಟಾಂಪೆರೆ ಎಂಬ ಊರಿನ ಹಳೇ ಹತ್ತಿ ಗಿರಣಿಯಲ್ಲಿರುವ ಆ ಪುಟ್ಟ ಕಚೇರಿಗೆ ವಿಲ್ಯಾಮಿ ಸಿಳ್ಳೆ ಹಾಕುತ್ತ ಬಂದ. ಮಾರನೇ ದಿನದಿಂದ ರಜೆ, ಜುಲೈ ಪೂರ್ತಿ. ಆ ಊರಲ್ಲಿ ಜುಲೈ ರಜೆ ಅಂದರೆ ಹುಡುಗಾಟವಲ್ಲ. ಇಡೀ ದೇಶವೇ ಬಾಗಿಲು ಹಾಕಿಕೊಂಡು ಸರೋವರದ ದಂಡೆಗೆ ಹೋಗಿ, ಸೌನಾದ ಬಿಸಿ ಹಬೆಯಲ್ಲಿ ಬೆವತು, ನೀರಿಗೆ ಬಿದ್ದು, ಸಾಸೇಜು ಸುಟ್ಟುಕೊಂಡು ತಿನ್ನುವ ತಿಂಗಳು. ವಿಲ್ಯಾಮಿ ಕಚೇರಿಗೆ ಎಲ್ಲರಿಗಿಂತ ತಡವಾಗಿ ಸೇರಿದವನು. ಮಿಕ್ಕವರು ಜುಲೈಯನ್ನು ಹಂಚಿಕೊಂಡ ಮೇಲೆ ಅವನ ತಟ್ಟೆಗೆ ಬೀಳುತ್ತಿದ್ದದ್ದು ನವೆಂಬರ್. ಬೆಳಕೂ ಇಲ್ಲದ, ಹಿಮವೂ ಬೀಳದ, ಒದ್ದೆ ಕಾಲುಚೀಲದಂಥ ನವೆಂಬರ್. ಈ ಸಲ ಹೇಗೋ ಗೋಗರೆದು ಜುಲೈ ಗಿಟ್ಟಿಸಿದ್ದ. ಹೆಂಡತಿ ಸೈಮಿ ಬೆಳಿಗ್ಗೆಯೇ ಕಾರಿಗೆ ಸಾಮಾನು ತುಂಬಲು ಶುರು ಮಾಡಿದ್ದಳು. ನೀನು ಬಂದರೂ ಸರಿ, ಬಾರದಿದ್ದರೂ ಸರಿ, ಸಂಜೆ ಕಾರು ಹೊರಡುತ್ತದೆ ಅಂತ ಹೇಳಿಯೂ ಇದ್ದಳು. ಸೈಮಿ ಹೆದರಿಸುವ ಹೆಂಗಸಲ್ಲ, ಹೇಳಿದ್ದನ್ನು ಮಾಡುವವಳು.

ಯಜಮಾನ ರಾಗ್ನಾರ್ ಕಾಫಿ ಲೋಟ ಹಿಡಿದು ಬಂದ. ಹಿಂದೊಂದು ಕಾಲದಲ್ಲಿ ಅವನೂ ಪ್ರೋಗ್ರಾಂ ಬರೆಯುತ್ತಿದ್ದನಂತೆ. ಈಗ ಟೈ ಕಟ್ಟಿಕೊಂಡು ಗಿರಾಕಿಗಳಿಗೆ ಊಟ ಹಾಕಿಸುವುದೇ ಕೆಲಸ.

"ನಿನ್ನದು ಮುಗೀತಂತೆ, ಸಂತೋಷ," ಅಂದ. "ಅದು ಇನ್ಯಾರಿಗೆ ಅರ್ಥ ಆಗುತ್ತೆ?"

ಸಿಳ್ಳೆ ನಿಂತಿತು.

ಆ ಕಚೇರಿಯಲ್ಲಿ ಒಂದು ನಿಯಮ ಇತ್ತು. ಟ್ರಾಮ್ ನಿಯಮ ಅಂತಲೇ ಅದನ್ನು ಕರೆಯುತ್ತಿದ್ದರು. ಬರೆದವನು ನಾಳೆ ಟ್ರಾಮಿನ ಅಡಿಗೆ ಬಿದ್ದರೆ ಏನು ಗತಿ? ಆದ್ದರಿಂದ ಯಾವ ಪ್ರೋಗ್ರಾಮೂ ಒಬ್ಬನ ತಲೆಯಲ್ಲಿ ಮಾತ್ರ ಇರಕೂಡದು. ಇನ್ನೊಬ್ಬರಿಗೆ ಅರ್ಥವಾಗುವ ತನಕ ರಜೆ ಇಲ್ಲ. ಟ್ರಾಮಿನ ಅಡಿಗೆ ಬೀಳುವುದಕ್ಕೂ ಇಲ್ಲ.

ಅರ್ಥವಾಗದೇ ಇರುವಂಥದ್ದೇನೂ ಅಲ್ಲ ಅದು. ದೊಡ್ಡದೊಂದು ಗೋದಾಮು, ಅದರ ತುಂಬ ಟ್ರ್ಯಾಕ್ಟರಿನ ಬಿಡಿಭಾಗಗಳು, ಅವನ್ನಿಡಲು ಲಕ್ಷಗಟ್ಟಲೆ ಗೂಡು, ಓಡಾಡಿ ಇಡಲು ಯಂತ್ರಗಳು. ಹೊಸ ಸಾಮಾನು ಬಂದಾಗ ಯಾವ ಗೂಡು ಖಾಲಿ ಅಂತ ಹೇಳಬೇಕು, ಅಷ್ಟೆ. ಹಳೇ ಪ್ರೋಗ್ರಾಂ ಮೊದಲ ಗೂಡಿನಿಂದ ಹಿಡಿದು ಒಂದೊಂದಕ್ಕೂ ಹೋಗಿ, ಕಳೆದುಹೋದ ಬೆಕ್ಕನ್ನು ಹುಡುಕುವವನು ಮನೆಮನೆ ಬಾಗಿಲು ತಟ್ಟಿದ ಹಾಗೆ, ಖಾಲಿಯಾ, ಖಾಲಿಯಾ ಅಂತ ಕೇಳುತ್ತಿತ್ತು. ಉತ್ತರ ಬರುವಷ್ಟರಲ್ಲಿ ಯಂತ್ರಗಳಿಗೆ ತುಕ್ಕು ಹಿಡಿಯಬೇಕು.

ವಿಲ್ಯಾಮಿ ಅದನ್ನು ಕಿತ್ತುಹಾಕಿ ಸಿ ಭಾಷೆಯಲ್ಲಿ ಬಿಟ್‌ಗಳ ಮೂರಂತಸ್ತು ಕಟ್ಟಿದ. ನೆಲ ಅಂತಸ್ತಿನಲ್ಲಿ ಗೂಡಿಗೊಂದು ಬಿಟ್. ಒಂದು ಅಂದರೆ ಖಾಲಿ, ಸೊನ್ನೆ ಅಂದರೆ ತುಂಬಿದೆ. ಅರವತ್ನಾಲ್ಕು ಗೂಡು ಸೇರಿದರೆ ಒಂದು ಸಾಲು. ಮಧ್ಯದ ಅಂತಸ್ತಿನಲ್ಲಿ ಸಾಲಿಗೊಂದೇ ಬಿಟ್, ಈ ಸಾಲಿನಲ್ಲಿ ಎಲ್ಲಾದರೂ ಖಾಲಿ ಉಂಟೋ ಇಲ್ಲವೋ ಅಂತ ಹೇಳಲು. ಅಂಥ ಅರವತ್ನಾಲ್ಕು ಸಾಲಿನ ಸುದ್ದಿ ಹೇಳಲು ಮೇಲಂತಸ್ತಿನಲ್ಲಿ ಮತ್ತೆ ಒಂದೇ ಬಿಟ್. ಮೇಲಿನವನನ್ನು ಕೇಳಿದರೆ ಮಧ್ಯದವನ ಕಡೆ ಬೆರಳು ತೋರಿಸುತ್ತಾನೆ, ಮಧ್ಯದವನು ಕೆಳಗಿನವನ ಕಡೆ, ಕೆಳಗಿನವನು ಗೂಡಿನ ಕಡೆ. ಮೂರೇ ಮಾತಿಗೆ ಕೆಲಸ ಆಯಿತು.

ಹೀಗಂತ ಹೇಳಿದರೆ ಒಪ್ಪುವ ಕಚೇರಿಯಲ್ಲ ಅದು.

ವಿಲ್ಯಾಮಿ ಮೊದಲು ಪಕ್ಕದ ಮೇಜಿನ ಓಸ್ಮೊನನ್ನು ಹಿಡಿದುಕೊಂಡ. ಓಸ್ಮೊ ತನ್ನ ಪೆನ್ಸಿಲ್‌ಗಳನ್ನು ಉದ್ದದ ಪ್ರಕಾರ ಜೋಡಿಸಿಡುವ ಮನುಷ್ಯ. ಮೊದಲ ವಾಕ್ಯಕ್ಕೇ ಕೈ ಅಡ್ಡ ಹಿಡಿದ. ಒಂದು ಅಂದರೆ ತುಂಬಿದೆ ಅಂತಲೇ ಇರಬೇಕು, ಖಾಲಿ ಅಂತ ಹೇಗಾಗುತ್ತದೆ?

"ಇದ್ದದ್ದಕ್ಕೆ ಒಂದು, ಇಲ್ಲದ್ದಕ್ಕೆ ಸೊನ್ನೆ. ನಮ್ಮನೆ ಮಗೂಗೂ ಗೊತ್ತು ಕಣಯ್ಯ ಇದು."

"ನಾನು ಹುಡುಕ್ತಿರೋದು ಖಾಲಿ ಗೂಡು ಓಸ್ಮೊ. ಖಾಲಿ ಇದ್ದದ್ದಕ್ಕೆ ಒಂದು."

"ಖಾಲಿ ಅನ್ನೋದು ಇರಲ್ಲ. ಅದಕ್ಕೇ ಅದನ್ನ ಖಾಲಿ ಅನ್ನೋದು. ಇದನ್ನ ತಿರುಗಿಸೋ ತನಕ ನನಗೆ ಅರ್ಥ ಆಗಲ್ಲ."

ಆಗಲ್ಲ ಅಂದರೆ ಆಗಲ್ಲ ಅಂತಲ್ಲ, ಆಗಿಸಿಕೊಳ್ಳಲ್ಲ ಅಂತ. ಓಸ್ಮೊನ ಜೊತೆ ವಾದ ಮಾಡುವುದೂ ಒದ್ದೆ ಸೋಪನ್ನು ಹಿಡಿಯುವುದೂ ಒಂದೇ. ವಿಲ್ಯಾಮಿ ಗಡಿಯಾರ ನೋಡಿದ, ಹಾಳಾಗಿ ಹೋಗಲಿ ಅಂತ ಎಲ್ಲವನ್ನೂ ಉಲ್ಟಾ ಮಾಡಲು ಕೂತ. ಒಂದನ್ನು ಸೊನ್ನೆ ಮಾಡಿದ, ಸೊನ್ನೆಯನ್ನು ಒಂದು ಮಾಡಿದ, ಬೆವರು ಒರೆಸಿಕೊಂಡ. ಒಂದು ಕಡೆ ಮಾತ್ರ ಮರೆತ. ನೆಲ ಅಂತಸ್ತಿಗೆ ಇಳಿದು ಕೊನೆಗೆ ಗೂಡನ್ನು ಆರಿಸುವ ಜಾಗದಲ್ಲಿ ಹಳೆಯದೇ ಉಳಿಯಿತು.

ಪರೀಕ್ಷೆಗೆ ಅಂತ ಕಚೇರಿಯ ಅಡುಗೆಮೂಲೆಯಲ್ಲಿ ಒಂದು ಕಪಾಟು ಇತ್ತು. ಒಂದೇ ಸಾಲು, ಅದಕ್ಕೊಂದು ಯಂತ್ರದ ಕೈ. ಗೋದಾಮಿನ ಪ್ರೋಗ್ರಾಮನ್ನು ಮೊದಲು ಅದಕ್ಕೆ ಹಾಕಿ, ಕಾಫಿ ಲೋಟಗಳನ್ನು ಇಡಿಸಿ ನೋಡುವುದು ಅಲ್ಲಿಯ ಪದ್ಧತಿ. ವಿಲ್ಯಾಮಿ ತೊಳೆದ ಲೋಟವೊಂದನ್ನು ಅದರ ಕೈಗೆ ಕೊಟ್ಟ. ಕೈ ಗಂಭೀರವಾಗಿ ಎದ್ದಿತು, ಹೊಸ ಪೊಲೀಸಿನವನ ಹಾಗೆ ಆಚೆ ಈಚೆ ನೋಡಿತು, ಹೇಳಿದ ಮಾತಿನಂತೆ ತುಂಬಿದ ಗೂಡೊಂದನ್ನು ಹುಡುಕಿ, ಅಲ್ಲಿದ್ದ ಲೋಟದ ಮೇಲೆ ಈ ಲೋಟವನ್ನು ಜೋರಾಗಿ ಒತ್ತಿತು.

ಅಲ್ಲಿದ್ದದ್ದು ಕೈಯಾಳ ಲೋಟ. ಬಿಸಿ ಕಾಫಿ ಆರಲಿ ಅಂತ ಈಗಷ್ಟೇ ಇಟ್ಟು ಹೋದದ್ದು.

ಕೈಯಾ ಆ ಕಚೇರಿಯ ಹಳೇ ತಲೆ. ಸಿ ಭಾಷೆಯನ್ನು ಅವಳು ಕಲಿತಾಗ ಓಸ್ಮೊ ಇನ್ನೂ ಹುಟ್ಟಿರಲಿಲ್ಲ. ಹಿಂದಿನ ಕೆಲಸದ ಟೆಲಿಫೋನ್ ಎಕ್ಸ್‌ಚೇಂಜ್ ಮುಚ್ಚಿದ ದಿನ ಅಲ್ಲಿಂದ ಅವಳು ತಂದುಕೊಂಡದ್ದು ಆ ಲೋಟ ಒಂದೇ. ಅವಳು ಗೋಡೆಯ ಮೇಲಿಂದ ಇಳಿಯುತ್ತಿದ್ದ ಕಾಫಿಯನ್ನು ನೋಡಿದಳು, ನೆಲದ ಮೇಲಿನ ಚೂರುಗಳನ್ನು ನೋಡಿದಳು, ವಿಲ್ಯಾಮಿಯನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಏಳು ಕುರ್ಚಿಯಿಂದ," ಅಂದಳು. "ನನ್ನ ಲೋಟ ಒಡೆದಿದ್ದು ಪ್ರೋಗ್ರಾಮಿನ ಯಾವ ಸಾಲು ಅಂತ ನಾನೇ ನೋಡ್ತೀನಿ."

ವಿಲ್ಯಾಮಿಗೆ ಒಳಗೊಳಗೇ ಖುಷಿಯಾಯಿತು. ಓದುತ್ತಾಳೆ ಅಂದರೆ ಅರ್ಥ ಮಾಡಿಕೊಳ್ಳುತ್ತಾಳೆ ಅಂತ ತಾನೇ? ವಿವರಿಸಲು ಬಾಯಿ ತೆರೆದ. ಕೈಯಾ ಬೆರಳೆತ್ತಿ ಮುಚ್ಚಿಸಿದಳು. ಅವಳಿಗೆ ಯಾರೂ ಏನನ್ನೂ ವಿವರಿಸಕೂಡದು, ಅವಳೇ ಮಿಕ್ಕವರಿಗೆ ವಿವರಿಸಬೇಕು. ನಿನ್ನ ಮರೆವು ಇರಲಿ, ಅದಕ್ಕಿಂತ ದೊಡ್ಡ ಅನಾಹುತ ಇಲ್ಲಿದೆ ಅಂತ ತೋರಿಸಿದಳು.

"ಗುರುತು ಹಾಕೋಕೆ ನೀನು ಒಂದನ್ನ ಎಡಕ್ಕೆ ತಳ್ತಿದ್ದೀಯ. ಸರಿ. ಆ ಒಂದು ಎಷ್ಟಗಲ?"

ವಿಲ್ಯಾಮಿ ನೋಡಿದ. ಸಾಲು ಅರವತ್ನಾಲ್ಕು ಬಿಟ್ ಅಗಲದ್ದು. ಅವನು ಬರೆದಿದ್ದ ಆ ಒಂದು ಬರೀ ಮೂವತ್ತೆರಡು ಬಿಟ್ ಅಗಲದ್ದು. ಸಿ ಬರೆಯುವ ಪ್ರತಿಯೊಬ್ಬನೂ ಜೀವಮಾನದಲ್ಲಿ ಒಂದು ಸಲ ಮಾಡಿ, ಇನ್ನು ಮಾಡಲ್ಲ ಅಂತ ಆಣೆ ಹಾಕಿ, ಮತ್ತೆ ಮಾಡುವ ತಪ್ಪು ಅದು.

"ನಲವತ್ತನೇ ಗೂಡಿಗೆ ತಳ್ಳಿದ್ರೆ ಎಂಟನೇದಕ್ಕೆ ಹೋಗಿ ಬೀಳಬಹುದು," ಅಂದಳು ಕೈಯಾ. "ಬೀಳದೇನೂ ಇರಬಹುದು. ಕಂಪೈಲರ್‌ಗೆ ಅವತ್ತು ಹೇಗೆ ಮನಸ್ಸು ಬರುತ್ತೋ ಹಾಗೆ. ಗೋದಾಮಿನಲ್ಲಿ ಇದು ಓಡಿದ್ದಿದ್ರೆ ಗೇರ್‌ಬಾಕ್ಸ್ ಮೇಲೆ ಗೇರ್‌ಬಾಕ್ಸ್ ಕೂತಿರೋದು. ಲೋಟದ ಹಾಗೆ ಅವಕ್ಕೆ ಹಿಡಿಕೇನೂ ಇಲ್ಲ ಪಾಪ."

ತಪ್ಪು ತಿದ್ದಿದಳು. ಅಷ್ಟಕ್ಕೆ ಬಿಟ್ಟಳೇ? ಒಂದು ಅಂದರೆ ತುಂಬಿದೆ ಅಂತ ಯಾವ ಕತ್ತೆ ಬರೆದದ್ದು ಅಂತ ಕೇಳಿದಳು. ಪಕ್ಕದಲ್ಲೇ ನಿಂತಿದ್ದ ಓಸ್ಮೊ ತನ್ನ ಎದೆ ಮುಟ್ಟಿಕೊಂಡ. ಜಗಳಕ್ಕೆ ನಿಂತರು ನೋಡಿ ಇಬ್ಬರೂ. ಅವನು ಬೋರ್ಡಿನ ಮೇಲೆ ಮೂರಂತಸ್ತು ಬರೆದು ತನ್ನ ನ್ಯಾಯ ಹೇಳಿದ, ಅವಳು ಅದನ್ನು ಒರೆಸಿ ಮೂರಂತಸ್ತು ಬರೆದು ತನ್ನದನ್ನು ಹೇಳಿದಳು. ಊಟದ ಹೊತ್ತು ಬಂತು. ಇಬ್ಬರೂ ಒಂದು ಕೈಯಲ್ಲಿ ರೈ ಬ್ರೆಡ್ಡು, ಇನ್ನೊಂದರಲ್ಲಿ ಬಳಪ ಹಿಡಿದು ಮುಂದುವರಿಸಿದರು. ಕೊನೆಗೆ ಕೈಯಾ ಗೆದ್ದಳು. ನ್ಯಾಯ ಅವಳ ಕಡೆ ಇದ್ದದ್ದಕ್ಕಲ್ಲ, ಓಸ್ಮೊನ ಬ್ರೆಡ್ಡು ಗಂಟಲಿಗೆ ಸಿಕ್ಕಿಕೊಂಡದ್ದಕ್ಕೆ. ಒಂದು ಅಂದರೆ ಮತ್ತೆ ಖಾಲಿ ಆಯಿತು. ಬೆಳಿಗ್ಗೆ ವಿಲ್ಯಾಮಿ ಬರೆದುಕೊಂಡು ಬಂದದ್ದು ಎಲ್ಲಿತ್ತೋ ಅಲ್ಲಿಗೇ ಬಂದು ನಿಂತಿತು.

ಆದರೆ ಜಗಳ ಆಡುತ್ತ ಆಡುತ್ತ ಇಬ್ಬರಿಗೂ ಅದು ಅರೆದು ಕುಡಿದಷ್ಟು ಅರ್ಥವಾಗಿಬಿಟ್ಟಿತ್ತು. ವಿಲ್ಯಾಮಿ ಸೈಮಿಗೆ ಫೋನ್ ಮಾಡಿ, ಕಾರನ್ನು ಗಿರಣಿಯ ಹತ್ತಿರ ತಂದುಬಿಡು ಅಂದ. ಹಾರಿಕೊಂಡು ಯಜಮಾನನ ಕೋಣೆಗೆ ಹೋದ.

"ಒಬ್ಬರಿಗಲ್ಲ, ಇಬ್ಬರಿಗೆ ಅರ್ಥ ಆಗಿದೆ," ಅಂದ. "ಓಸ್ಮೊಗೆ, ಕೈಯಾಗೆ."

ರಾಗ್ನಾರ್ ತಲೆದೂಗಿದ. ಆಮೇಲೆ ನಿಧಾನವಾಗಿ ಕೇಳಿದ. ಓಸ್ಮೊ ನಾಳೆಯಿಂದ ದೋಣಿ ಹತ್ತಿಕೊಂಡು ದ್ವೀಪಗಳ ಕಡೆ ಹೋಗುತ್ತಾನೆ. ಕೈಯಾ ಇನ್ನು ಸ್ವಲ್ಪ ಹೊತ್ತಿಗೆ ಉತ್ತರದ ರೈಲು ಹತ್ತುತ್ತಾಳೆ, ಅಕ್ಕನ ಮನೆಗೆ. ಸೋಮವಾರ ಪ್ರೋಗ್ರಾಂ ಗೋದಾಮಿಗೆ ಹೋಗುತ್ತದೆ. ಬುಧವಾರ ಯಂತ್ರ ನಿಂತರೆ, ಹುಲ್ಲು ಕೊಯ್ಲಿನ ಹೊತ್ತಿನಲ್ಲಿ ಟ್ರ್ಯಾಕ್ಟರುಗಳಿಗೆ ಬಿಡಿಭಾಗ ಸಿಗದಿದ್ದರೆ, ಯಾರನ್ನು ಕರೆಯುವುದು?

ವಿಲ್ಯಾಮಿ ಕುರ್ಚಿಯ ಬೆನ್ನು ಹಿಡಿದುಕೊಂಡ. ಜುಲೈಯಲ್ಲಿ ಇಲ್ಲಿ ಉಳಿಯುವವರು ಯಾರು ಅಂತ ಸಣ್ಣ ದನಿಯಲ್ಲಿ ಕೇಳಿದ.

"ನಾನು," ಅಂದ ರಾಗ್ನಾರ್. "ವಿಚ್ಛೇದನದಲ್ಲಿ ಸರೋವರದ ಮನೆ ಅವಳ ಪಾಲಾಯ್ತು. ದೋಣೀನೂ. ನಾನೆಲ್ಲಿಗೆ ಹೋಗಲಿ?"

ಮುಳುಗುವವನು ಹಲಗೆ ನೋಡಿದ ಹಾಗೆ ವಿಲ್ಯಾಮಿ ಯಜಮಾನನನ್ನು ನೋಡಿದ. ಬಾಗಿಲು ಹಾಕಿದ. ಕಾಗದ ತೆಗೆದ. ಸಕ್ಕರೆ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಅದರ ಮೇಲೆ ಸಾಲು, ಅದರ ಮೇಲೊಂದು ಸಾಲು ಇಟ್ಟ. ಕೆಳಗೆ ಸೈಮಿಯ ಕಾರಿನ ಹಾರ್ನ್ ಕೇಳಿಸಿತು. ಅದರಲ್ಲಿ ಕೂತಿದ್ದ ಅವರ ಮನೆಯ ನಾಯಿ ಬೊಗಳಿದ್ದೂ ಕೇಳಿಸಿತು. ವಿಲ್ಯಾಮಿ ಪ್ರಾಣ ಒತ್ತೆಯಿಟ್ಟವನ ಹಾಗೆ ಹೇಳಿಕೊಟ್ಟ. ಅಷ್ಟು ಚೆನ್ನಾಗಿ ಅವನು ಜನ್ಮದಲ್ಲಿ ಯಾರಿಗೂ ಏನನ್ನೂ ಹೇಳಿಕೊಟ್ಟಿರಲಿಲ್ಲ. ಆಗ ಒಂದು ಪವಾಡ ನಡೆಯಿತು. ರಾಗ್ನಾರನ ಮುಖದ ಮೇಲೆ, ಚಳಿಗಾಲ ಕಳೆದು ಸರೋವರದ ಮಂಜುಗಡ್ಡೆ ಬಿರುಕು ಬಿಟ್ಟ ಹಾಗೆ, ಏನೋ ಬಿರುಕು ಬಿಟ್ಟಿತು. ಅವನಿಗೆ ಅರ್ಥವಾಯಿತು. ವಿಲ್ಯಾಮಿ ಅಡ್ಡಾದಿಡ್ಡಿ ಪ್ರಶ್ನೆ ಹಾಕಿ ನೋಡಿದ. ಎಲ್ಲಕ್ಕೂ ಸರಿ ಉತ್ತರ.

"ಹೀಗೊಂದು ಪ್ರೋಗ್ರಾಂ ಅರ್ಥ ಆಗಿ ಎಷ್ಟು ವರ್ಷ ಆಗಿತ್ತೋ," ಅಂದ ರಾಗ್ನಾರ್. ಕಣ್ಣಲ್ಲಿ ನೀರಿತ್ತು. "ಹೋಗು ಮಾರಾಯ, ಹೋಗು. ಸೌನಾ ಕಾಯ್ತಿರುತ್ತೆ."

ವಿಲ್ಯಾಮಿ ಮೆಟ್ಟಿಲನ್ನು ಇಳಿಯಲಿಲ್ಲ, ಉರುಳಿದ. ಕಾರು ಹೊರಟಿತು. ಊರಾಚೆಯ ಪೆಟ್ರೋಲ್ ಬಂಕಿನಲ್ಲಿ ಸಾಸೇಜು ಕೊಳ್ಳಲು ನಿಲ್ಲಿಸಿದರು. ವಿಲ್ಯಾಮಿ ಆಗಲೇ ಬೂಟು ಬಿಚ್ಚಿ ಬರಿಗಾಲಲ್ಲಿ ಕೂತಿದ್ದ. ಫೋನ್ ಬಂತು. ಕೈಯಾ, ರೈಲಿನಿಂದ.

"ನೀನು ಊರು ಬಿಟ್ಯಾ?"

"ಬಿಟ್ಟೆ. ಯಾಕೆ?"

"ಏನಿಲ್ಲ. ರಾಗ್ನಾರ್ ನಿನ್ನ ಕೋಡ್ ತೆರೆದಿದ್ದಾನೆ. ನನ್ನ ಕಂಪ್ಯೂಟರ್‌ಗೆ ಸೂಚನೆ ಬಂತು."

"ನೋಡೋಕಾ?"

ರೈಲು ಯಾವುದೋ ಸೇತುವೆ ದಾಟುವ ಸದ್ದು ಕೇಳಿಸಿತು.

"ಬರೆಯೋಕೆ," ಅಂದಳು ಕೈಯಾ.

ಪ್ರೋಗ್ರಾಂ ಅರ್ಥವಾಗದ ಯಜಮಾನನನ್ನು ನಿಭಾಯಿಸಬಹುದು. ಅದು ಅರ್ಥವಾಗಿಬಿಟ್ಟ ಯಜಮಾನ, ಅದೂ ಖಾಲಿ ಕಚೇರಿಯಲ್ಲಿ ಒಬ್ಬನೇ, ಮುಂದೆ ಇಡೀ ಜುಲೈ. ವಿಲ್ಯಾಮಿ ಬೂಟು ಹಾಕಿಕೊಂಡ. ಸೈಮಿ ಕಾರಿನಿಂದ ಇಳಿದಳು. ಅವನ ಚೀಲವನ್ನು ಕೆಳಗಿಟ್ಟಳು, ಎರಡು ಸಾಸೇಜು ಅದರೊಳಗೆ ಹಾಕಿದಳು, ಹಿಂದಿನ ಬಾಗಿಲು ತೆಗೆದು ನಾಯಿಯನ್ನು ಮುಂದಿನ ಸೀಟಿಗೆ ಕರೆದಳು.

ಕಚೇರಿಯಲ್ಲಿ ರಾಗ್ನಾರ್ ಟೈ ಬಿಚ್ಚಿ, ತೋಳು ಮಡಿಸಿ ಕೂತಿದ್ದ. ಇಪ್ಪತ್ತು ವರ್ಷ ಚಿಕ್ಕವನಾದ ಹಾಗೆ ಕಾಣುತ್ತಿದ್ದ. ವಿಲ್ಯಾಮಿಯನ್ನು ನೋಡಿ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ತಾನು ಮಾಡಿದ್ದನ್ನು ಹೆಮ್ಮೆಯಿಂದ ತೋರಿಸಿದ. ಮಧ್ಯದ ಅಂತಸ್ತನ್ನು ತೆಗೆದುಹಾಕಿದ್ದ. ಮೇಲಿನವನಿಗೂ ಗೊತ್ತು, ಕೆಳಗಿನವನಿಗೂ ಗೊತ್ತು, ನಡುವೆ ಇವನ್ಯಾಕೆ ದಂಡಕ್ಕೆ, ಎಲ್ಲ ದೊಡ್ಡ ಕಂಪನಿಗಳಲ್ಲೂ ಮೊದಲು ಮಧ್ಯದವರನ್ನೇ ಮನೆಗೆ ಕಳಿಸುವುದು ಅಂತ ವಿವರಿಸಿದ. ಪ್ರೋಗ್ರಾಮಿನೊಳಗಿನ ಹೆಸರುಗಳನ್ನೆಲ್ಲ ತನ್ನ ಮನೆಮಾತು ಸ್ವೀಡಿಷ್‌ಗೆ ಬದಲಾಯಿಸಿದ್ದ. ಅಡುಗೆಮೂಲೆಯ ಕಪಾಟಿನಲ್ಲಿ ಲೋಟಗಳು ಸಿಪಾಯಿಗಳ ಹಾಗೆ ನಿಂತಿದ್ದವು. ಅಲ್ಲಿದ್ದದ್ದೇ ಒಂದು ಸಾಲು, ಅದಕ್ಕೆ ಮಧ್ಯದ ಅಂತಸ್ತು ಯಾಕೆ ಬೇಕು? ಸೋಮವಾರದ ತನಕ ಕಾಯುವುದೇಕೆ ಅಂತ ಗೋದಾಮಿಗೆ ಆಗಲೇ ಕಳಿಸಿಯೂ ಆಗಿತ್ತು.

ವಿಲ್ಯಾಮಿ ಪರದೆಯನ್ನು ಮೇಲಿಂದ ಕೆಳಗೆ ಓದಿದ. ಕೆಳಗಿಂದ ಮೇಲಕ್ಕೆ ಓದಿದ. ಮೇಲಂತಸ್ತು ಈಗ ಏನು ಹೇಳುತ್ತಿದೆ, ಯಾರಿಗೆ ಹೇಳುತ್ತಿದೆ, ಒಂದೂ ತಿಳಿಯಲಿಲ್ಲ. ನನ್ನ ಹಳೆಯದನ್ನೇ ಹಾಕಿಬಿಡೋಣ ಅಂತ ಬೇಡಿಕೊಂಡ. ಗೋದಾಮಿನವರಿಗೆ ನಾನೇ ಬರೆದದ್ದು ಅಂತ ಹೇಳಿಬಿಟ್ಟಿದ್ದೇನೆ, ಅವರಿಗೆ ಬಹಳ ಸಂತೋಷವಾಗಿದೆ ಅಂತ ರಾಗ್ನಾರ್ ಕೈಯಾಡಿಸಿದ. ಆಮೇಲೆ ಏನೋ ಹೊಳೆದವನಂತೆ ಗಂಭೀರನಾದ.

"ಒಂದೇ ತೊಂದರೆ ವಿಲ್ಯಾಮಿ. ಇದು ಈಗ ನನಗೊಬ್ಬನಿಗೆ ಮಾತ್ರ ಅರ್ಥ ಆಗೋದು. ನಾಳೆ ನಾನು ಟ್ರಾಮ್ ಕೆಳಗೆ ಬಿದ್ರೆ?"

ಇನ್ನೊಂದು ಕುರ್ಚಿಯನ್ನು ಎಳೆದು ತನ್ನ ಪಕ್ಕಕ್ಕೆ ಹಾಕಿ, ಅದರ ಮೇಲಿನ ಧೂಳನ್ನು ಪ್ರೀತಿಯಿಂದ ಒರೆಸಿದ.

"ಬಾ, ಕೂತ್ಕೋ. ಅವಸರ ಏನಿಲ್ಲ. ನಿಧಾನಕ್ಕೆ, ನಿನಗೂ ಅರ್ಥ ಆಗೋ ಹಾಗೆ ಹೇಳಿಕೊಡ್ತೀನಿ."